ಆಟೋಕ್ಯಾಡ್‌ನಲ್ಲಿ ಪಟ್ಟಿಯಲ್ಲಿಲ್ಲದ ಸ್ಕೇಲನ್ನು ಸೇರಿಸುವ ಬಗೆ

ಆಟೋಕ್ಯಾಡ್‌ನಲ್ಲಿ ಮನೆಯ ಪ್ಲಾನು ಬಿಡಿಸುವಾಗ ಸ್ಕೇಲಿನ ಗೊಡವೆಯೇ ಇರುವುದಿಲ್ಲ. ಮೂವತ್ತು ಅಡಿಯ ಗೋಡೆಯನ್ನು ಮೂವತ್ತು ಅಡಿಗೇ ಎಳೆಯುತ್ತಾರೆ, ಮೂರು ಅಡಿಯ ಬಾಗಿಲನ್ನು ಮೂರು ಅಡಿಗೇ ಇಡುತ್ತಾರೆ. ಸ್ಕೇಲಿನ ಪ್ರಶ್ನೆ ಏಳುವುದು ಆ ಪ್ಲಾನನ್ನು ಹಾಳೆಯ ಮೇಲೆ ಕೂರಿಸುವಾಗ. ಹಾಗಾಗಿ ಇಲ್ಲಿ ಸ್ಕೇಲು ಎಂದರೆ ಎರಡು ಸಂಖ್ಯೆಗಳ ಸಂಬಂಧ: ಹಾಳೆಯ ಮೇಲಿನ ಇಷ್ಟು ಮಿಲಿಮೀಟರಿಗೆ ಡ್ರಾಯಿಂಗಿನ ಇಷ್ಟು ಯೂನಿಟ್ಟು. ಈ ಜೋಡಿಯನ್ನು ಸರಿಯಾಗಿ ಕೊಟ್ಟರೆ ಯಾವ ಸ್ಕೇಲನ್ನಾದರೂ ಹೊಸದಾಗಿ ಹುಟ್ಟಿಸಿಕೊಳ್ಳಬಹುದು. ಹೆಚ್ಚಿನ ತಪ್ಪುಗಳು ಆಗುವುದು ಈ ಜೋಡಿಯಲ್ಲಿ ಯೂನಿಟ್ಟನ್ನು ಮರೆತಾಗ.

ಮಾಡೆಲ್ ಮತ್ತು ಲೇಔಟ್

ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಮೊದಲ ಕೆಲವು ವರ್ಷ ಅದರಲ್ಲಿ ಒಂದೇ ಅಂಗಳವಿತ್ತು. ಬಿಡಿಸುವುದೂ ಅಲ್ಲೇ, ಪ್ರಿಂಟಿಗೆ ಕಳಿಸುವುದೂ ಅಲ್ಲಿಂದಲೇ. 1990ರಲ್ಲಿ ಬಂದ 11ನೇ ಆವೃತ್ತಿಯಲ್ಲಿ ಪೇಪರ್ ಸ್ಪೇಸ್ ಎಂಬ ಎರಡನೆಯ ಜಾಗ ಸೇರಿಕೊಂಡಿತು. ಇಂದು ಪರದೆಯ ಕೆಳಗೆ ‘ಮಾಡೆಲ್’ ಟ್ಯಾಬಿನ ಪಕ್ಕದಲ್ಲಿ ಕಾಣುವ ‘ಲೇಔಟ್’ ಟ್ಯಾಬುಗಳು ಅದರದೇ ಮುಂದಿನ ರೂಪ. ಮಾಡೆಲ್‌ನಲ್ಲಿ ಕಟ್ಟಡವಿದ್ದರೆ ಲೇಔಟ್‌ನಲ್ಲಿ ಹಾಳೆ, ಅಂಚು, ಟೈಟಲ್ ಬ್ಲಾಕ್ ಇರುತ್ತವೆ. ಹಾಳೆಯಲ್ಲಿ ಕತ್ತರಿಸಿಟ್ಟ ಕಿಂಡಿಯಂತಿರುವ ವ್ಯೂಪೋರ್ಟಿನ ಮೂಲಕ ಮಾಡೆಲ್‌ನಲ್ಲಿರುವುದು ಕಾಣುತ್ತದೆ. ಆ ಕಿಂಡಿಯಲ್ಲಿ ಕಟ್ಟಡ ಎಷ್ಟು ಚಿಕ್ಕದಾಗಿ ಕಾಣಬೇಕೆಂಬುದೇ ವ್ಯೂಪೋರ್ಟಿನ ಸ್ಕೇಲು.

ಈ ವ್ಯವಸ್ಥೆಯಿಂದಾಗಿ ಒಂದೇ ಹಾಳೆಯಲ್ಲಿ ಹಲವು ಸ್ಕೇಲುಗಳನ್ನು ಬಳಸಬಹುದು. ಪ್ಲಾನು 1:75ರಲ್ಲಿ, ಮೆಟ್ಟಿಲಿನ ವಿವರ 1:25ರಲ್ಲಿ, ಸೈಟಿನ ಸುತ್ತಮುತ್ತಲಿನ ನಕ್ಷೆ 1:500ರಲ್ಲಿ ಬೇಕಿದ್ದರೆ ಮೂರು ವ್ಯೂಪೋರ್ಟು ಹಾಕಿ ಒಂದೊಂದಕ್ಕೂ ಬೇರೆ ಸ್ಕೇಲು ಕೊಟ್ಟರಾಯಿತು. ಮೂಲ ಡ್ರಾಯಿಂಗನ್ನು ‘ಸ್ಕೇಲ್’ ಕಮಾಂಡಿನಿಂದ ಹಿಗ್ಗಿಸುವ ಕುಗ್ಗಿಸುವ ಅಗತ್ಯ ಇಲ್ಲಿಲ್ಲ. ಹಾಗೆ ಮಾಡಿದರೆ ಗೋಡೆಯ ನಿಜವಾದ ಅಳತೆಯೇ ಕೆಡುತ್ತದೆ.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಮೆಟ್ರಿಕ್ ಟೆಂಪ್ಲೇಟಿನಿಂದ ಹೊಸ ಫೈಲು ತೆರೆದರೆ ಆಟೋಕ್ಯಾಡ್ ತಾನೇ ಕೊಡುವ ಪಟ್ಟಿಯಲ್ಲಿ 1:1, 1:2, 1:4, 1:5, 1:8, 1:10, 1:16, 1:20, 1:30, 1:40, 1:50, 1:100 ಎಂಬ ಸ್ಕೇಲುಗಳೂ 2:1, 4:1, 8:1, 10:1, 100:1 ಎಂಬ ಹಿಗ್ಗಿಸುವ ಸ್ಕೇಲುಗಳೂ ಇರುತ್ತವೆ. ಬಾಗಿಲು ಕಿಟಕಿಗಳ ವಿವರಕ್ಕೆ ಬೇಕಾಗುವ 1:25, ಸೈಟ್ ಪ್ಲಾನಿಗೆ ಬೇಕಾಗುವ 1:200 ಮತ್ತು 1:500, ಇವುಗಳ ನಡುವಿನ 1:75, 1:150, 1:250 ಇದರಲ್ಲಿ ಇಲ್ಲ. ಬಡಾವಣೆಯ ನಕ್ಷೆಗೆ ಬೇಕಾಗುವ 1:1000 ಕೂಡ ಇಲ್ಲ.

ತಾಂತ್ರಿಕ ಚಿತ್ರಗಳ ಸ್ಕೇಲಿಗೆ ಅಂತರರಾಷ್ಟ್ರೀಯ ಮಾನಕವೂ ಇದೆ. ಐಎಸ್ಒ 5455 ಶಿಫಾರಸು ಮಾಡುವುದು 1:2, 1:5, 1:10 ಎಂಬ ಸರಣಿಯನ್ನು ಮತ್ತು ಅದರದೇ ಹತ್ತು ಪಟ್ಟು, ನೂರು ಪಟ್ಟುಗಳನ್ನು: 1:20, 1:50, 1:100, 1:200, 1:500, 1:1000, ಹೀಗೆ 1:10000ದವರೆಗೆ. ಸಾಧ್ಯವಾದಷ್ಟೂ ಈ ಸರಣಿಯೊಳಗೇ ಇರುವುದು ಒಳ್ಳೆಯದು. ನಕ್ಷೆ ಓದುವವರ ಕೈಯಲ್ಲಿರುವ ಸ್ಕೇಲು ಪಟ್ಟಿಗಳಲ್ಲಿ ಈ ಗುರುತುಗಳು ಸಾಮಾನ್ಯವಾಗಿ ಸಿಗುತ್ತವೆ. ಅನುಮತಿಗಾಗಿ ಸಲ್ಲಿಸುವ ಪ್ಲಾನಿಗೆ ಸ್ಥಳೀಯ ಸಂಸ್ಥೆ ಇಂಥದೇ ಸ್ಕೇಲು ಎಂದು ಹೇಳಿದ್ದರೆ ಅದೇ ಅಂತಿಮ. ಹೊಸ ಸ್ಕೇಲು ಹುಟ್ಟಿಸುವ ಸ್ವಾತಂತ್ರ್ಯ ಉಳಿಯುವುದು ಕೆಲಸದ ಜಾಗಕ್ಕೆ ಕಳಿಸುವ ಡ್ರಾಯಿಂಗ್, ಮನೆಯವರಿಗೆ ತೋರಿಸುವ ಹಾಳೆ, ಹಳೆಯ ನಕ್ಷೆಗೆ ಹೊಂದಿಸಿ ನೋಡುವ ಪ್ರತಿ ಇಂಥವುಗಳಲ್ಲಿ.

ಯಾವ ಸ್ಕೇಲು ಬೇಕು: ಒಂದು ಲೆಕ್ಕ

ಮೂವತ್ತು-ನಲವತ್ತರ ಸೈಟಿನ ಮನೆಯೊಂದನ್ನು ತೆಗೆದುಕೊಳ್ಳಬಹುದು. ಸೈಟಿನ ಅಗಲ 30 ಅಡಿ ಎಂದರೆ 9144 ಮಿ.ಮೀ., ಉದ್ದ 40 ಅಡಿ ಎಂದರೆ 12192 ಮಿ.ಮೀ. ನೆಲ ಅಂತಸ್ತು ಮತ್ತು ಮೊದಲ ಅಂತಸ್ತಿನ ಪ್ಲಾನುಗಳು ಅಕ್ಕಪಕ್ಕದಲ್ಲಿ ಒಂದೇ ಎ3 ಹಾಳೆಯಲ್ಲಿ ಬರಬೇಕು.

ಎ3 ಹಾಳೆ 420 × 297 ಮಿ.ಮೀ. ಫೈಲಿಗೆ ಹಾಕಲು ಎಡಕ್ಕೆ 20, ಉಳಿದ ಮೂರು ಕಡೆ ಹತ್ತತ್ತು ಮಿ.ಮೀ. ಅಂಚು ಬಿಟ್ಟರೆ 390 × 277 ಉಳಿಯುತ್ತದೆ. ಬಲಗಡೆ 100 ಮಿ.ಮೀ. ಅಗಲದ ಟೈಟಲ್ ಬ್ಲಾಕ್ ಇಟ್ಟರೆ ಪ್ಲಾನಿಗೆ ಸಿಗುವುದು 290 × 277.

1:50ರಲ್ಲಿ ಒಂದು ಪ್ಲಾನಿನ ಅಗಲ 182.88 ಮಿ.ಮೀ. ಎರಡಕ್ಕೆ 365 ದಾಟುತ್ತದೆ, ಹಾಳೆಯಲ್ಲಿ ಕೂರುವುದಿಲ್ಲ. 1:100ರಲ್ಲಿ ಒಂದರ ಅಗಲ 91.44. ಎರಡೂ ಸೇರಿ 183 ಆಗುತ್ತದೆ. ಅದು ಕೂರುತ್ತದೆ, ಆದರೆ ಮೂರನೇ ಒಂದು ಭಾಗ ಖಾಲಿ ಉಳಿದು ಕೋಣೆಯೊಳಗಿನ ಬರಹ ಇಕ್ಕಟ್ಟಾಗುತ್ತದೆ. 1:75ರಲ್ಲಿ ಅಗಲ 121.92, ಉದ್ದ 162.56. ಎರಡು ಪ್ಲಾನಿಗೆ 243.84 ಮಿ.ಮೀ. ಹೋಗಿ ಹೊರಗಿನ ಅಳತೆಗಳಿಗೆ 46 ಮಿ.ಮೀ. ಉಳಿಯುತ್ತದೆ. ಕೆಳಗೆ ಸುಮಾರು 114 ಮಿ.ಮೀ. ಎತ್ತರದ ಪಟ್ಟಿ ಖಾಲಿ ಸಿಗುವುದರಿಂದ ಅಲ್ಲಿ ಸೆಕ್ಷನ್ ಒಂದನ್ನೂ ಕೂರಿಸಬಹುದು. ಈ ಹಾಳೆಗೆ 1:75 ಸರಿಹೋಗುತ್ತದೆ. ಅದು ಪಟ್ಟಿಯಲ್ಲಿ ಇಲ್ಲವಾದ್ದರಿಂದ ಸೇರಿಸಬೇಕು.

ಲೆಕ್ಕದ ಸೂತ್ರ ಸರಳ: ಕಟ್ಟಡದ ಅಳತೆಯನ್ನು ಹಾಳೆಯಲ್ಲಿ ಸಿಗುವ ಜಾಗದಿಂದ ಭಾಗಿಸಿದರೆ ಕನಿಷ್ಠ ಸಂಖ್ಯೆ ಸಿಗುತ್ತದೆ. ಅದರ ಮುಂದಿನ ಹೊಂದುವ ಸಂಖ್ಯೆಯೇ ಸ್ಕೇಲು. ಭಾಗಿಸಿದಾಗ 68.3 ಬಂತೆಂದು 1:68.3 ಎಂಬ ಸ್ಕೇಲು ಮಾಡುವುದು ತಂತ್ರಾಂಶಕ್ಕೆ ಸಾಧ್ಯ, ಓದುವವರಿಗೆ ಮಾತ್ರ ನಿರುಪಯೋಗಿ. ಮನಸ್ಸಿನಲ್ಲೇ ಗುಣಿಸಿ ನೋಡಬಲ್ಲ ಸಂಖ್ಯೆಯನ್ನೇ ಆರಿಸಬೇಕು.

ಡ್ರಾಯಿಂಗಿನ ಯೂನಿಟ್ಟು ಯಾವುದು?

ಆಟೋಕ್ಯಾಡ್‌ಗೆ ಗೊತ್ತಿರುವುದು ‘ಯೂನಿಟ್ಟು’ ಮಾತ್ರ. ಅದು ಮಿಲಿಮೀಟರೋ ಇಂಚೋ ಅಡಿಯೋ ಎಂಬುದು ಬಿಡಿಸಿದವರ ತೀರ್ಮಾನ. ಕರ್ನಾಟಕದ ಮನೆ ಕೆಲಸದಲ್ಲಿ ಅಡಿ-ಇಂಚು ಇನ್ನೂ ಜೋರಾಗಿ ನಡೆಯುತ್ತಿರುವುದರಿಂದ ಹೊರಗಿನಿಂದ ಬಂದ ಫೈಲು ಯಾವ ಯೂನಿಟ್ಟಿನಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಇದಕ್ಕೆ ‘ಡಿಸ್ಟ್’ ಕಮಾಂಡು ಸಾಕು. ಮೂರು ಅಡಿ ಎಂದು ಗೊತ್ತಿರುವ ಬಾಗಿಲನ್ನು ಮಾಡೆಲ್‌ನಲ್ಲಿ ಅಳೆದಾಗ 914.4 ಬಂದರೆ ಡ್ರಾಯಿಂಗ್ ಮಿಲಿಮೀಟರಿನಲ್ಲಿದೆ. 91.44 ಬಂದರೆ ಸೆಂಟಿಮೀಟರು, 0.9144 ಬಂದರೆ ಮೀಟರು, 36 ಬಂದರೆ ಇಂಚು, 3 ಬಂದರೆ ಅಡಿ. ‘ಯೂನಿಟ್ಸ್’ ಕಮಾಂಡಿನಲ್ಲಿ ‘ಆರ್ಕಿಟೆಕ್ಚರಲ್’ ಎಂದು ಇಟ್ಟಿದ್ದರೆ ಉತ್ತರ 3 ಅಡಿ 0 ಇಂಚು ಎಂದು ಬರುತ್ತದೆ. ಅದು ತೋರಿಸುವ ರೀತಿ ಅಷ್ಟೆ. ಆ ಸೆಟ್ಟಿಂಗಿನಲ್ಲಿ ಒಂದು ಯೂನಿಟ್ಟು ಎಂದರೆ ಒಂದು ಇಂಚು.

ಹಾಳೆಯ ಕಡೆಯ ಯೂನಿಟ್ಟು ‘ಪೇಜ್ ಸೆಟಪ್’ನಲ್ಲಿ ಇರುತ್ತದೆ. ಎ4, ಎ3 ಹಾಳೆಗಳಿಗೆ ಅಲ್ಲಿ ಮಿಲಿಮೀಟರ್ ಆರಿಸಿರಬೇಕು. ಹಾಳೆ ಮಿಲಿಮೀಟರಿನಲ್ಲಿ ಇದ್ದಾಗ ಸ್ಕೇಲಿನ ಜೋಡಿಯನ್ನು ಬರೆಯುವ ನಿಯಮ ಒಂದೇ: ಕಾಗದದ ಪಾಲಿಗೆ ಡ್ರಾಯಿಂಗಿನ ಒಂದು ಯೂನಿಟ್ಟು ಎಷ್ಟು ಮಿಲಿಮೀಟರೋ ಆ ಸಂಖ್ಯೆ, ಡ್ರಾಯಿಂಗಿನ ಪಾಲಿಗೆ ಸ್ಕೇಲಿನ ಸಂಖ್ಯೆ. 1:75 ಬೇಕಾದರೆ ಹೀಗೆ:

ಮಿಲಿಮೀಟರ್ ಡ್ರಾಯಿಂಗಿಗೆ 1 ಮತ್ತು 75
ಸೆಂಟಿಮೀಟರ್ ಡ್ರಾಯಿಂಗಿಗೆ 10 ಮತ್ತು 75
ಮೀಟರ್ ಡ್ರಾಯಿಂಗಿಗೆ 1000 ಮತ್ತು 75
ಇಂಚಿನ ಡ್ರಾಯಿಂಗಿಗೆ 25.4 ಮತ್ತು 75
ಅಡಿಯ ಡ್ರಾಯಿಂಗಿಗೆ 304.8 ಮತ್ತು 75

ಈ ನಿಯಮ ತಪ್ಪಿದರೆ ಫಲ ತಕ್ಷಣ ಕಣ್ಣಿಗೆ ಬೀಳುತ್ತದೆ. ಇಂಚಿನ ಡ್ರಾಯಿಂಗಿಗೆ 1 ಮತ್ತು 75 ಎಂದು ಕೊಟ್ಟರೆ 30 ಅಡಿಯ ಸೈಟು 360 ಯೂನಿಟ್ಟನ್ನು 75ರಿಂದ ಭಾಗಿಸಿದಷ್ಟು, ಅಂದರೆ 4.8 ಮಿ.ಮೀ. ಅಗಲಕ್ಕೆ ಕುಗ್ಗುತ್ತದೆ. ಅಡಿಯ ಡ್ರಾಯಿಂಗಿಗೆ ಹಾಗೆ ಕೊಟ್ಟರೆ 0.4 ಮಿ.ಮೀ.ಗಿಳಿದು ಹಾಳೆಯಲ್ಲಿ ಒಂದು ಚುಕ್ಕೆಯಾಗುತ್ತದೆ. ಪ್ಲಾನು ಮಾಯವಾಯಿತೆಂದು ಹುಡುಕುವ ಮೊದಲು ಯೂನಿಟ್ಟನ್ನು ನೋಡಬೇಕು.

ಪಟ್ಟಿಗೆ ಸೇರಿಸುವ ಕ್ರಮ

ಕಮಾಂಡ್ ಲೈನಿನಲ್ಲಿ ‘ಸ್ಕೇಲ್‌ಲಿಸ್ಟ್‌ಎಡಿಟ್’ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿದರೆ ‘ಎಡಿಟ್ ಡ್ರಾಯಿಂಗ್ ಸ್ಕೇಲ್ಸ್’ ಎಂಬ ಪೆಟ್ಟಿಗೆ ತೆರೆಯುತ್ತದೆ. ಕೆಳಗಿನ ಸ್ಟೇಟಸ್ ಬಾರಿನಲ್ಲಿರುವ ಸ್ಕೇಲು ಪಟ್ಟಿಯನ್ನು ಬಿಚ್ಚಿ ‘ಕಸ್ಟಮ್’ ಒತ್ತಿದರೂ ಇದೇ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಈಗಿರುವ ಸ್ಕೇಲುಗಳ ಪಟ್ಟಿಯ ಪಕ್ಕದಲ್ಲಿ ಸೇರಿಸಲು, ತಿದ್ದಲು, ಮೇಲೆ ಕೆಳಗೆ ಸರಿಸಲು, ಅಳಿಸಲು ಮತ್ತು ಮೂಲ ಪಟ್ಟಿಗೆ ಮರಳಲು ಗುಂಡಿಗಳಿವೆ.

‘ಆಡ್’ ಒತ್ತಿದಾಗ ಇನ್ನೊಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ತುಂಬಬೇಕಾದದ್ದು ಮೂರೇ: ಪಟ್ಟಿಯಲ್ಲಿ ಕಾಣಬೇಕಾದ ಹೆಸರು, ‘ಪೇಪರ್ ಯೂನಿಟ್ಸ್’, ‘ಡ್ರಾಯಿಂಗ್ ಯೂನಿಟ್ಸ್’. ಮಿಲಿಮೀಟರ್ ಡ್ರಾಯಿಂಗಾದರೆ ಹೆಸರು 1:75, ಸಂಖ್ಯೆಗಳು 1 ಮತ್ತು 75. ಇಂಚಿನ ಡ್ರಾಯಿಂಗಾದರೆ ಸಂಖ್ಯೆಗಳು 25.4 ಮತ್ತು 75. ಹೆಸರಿಗೂ ಸಂಖ್ಯೆಗಳಿಗೂ ತಂತ್ರಾಂಶ ತಾನಾಗಿ ತಾಳೆ ನೋಡುವುದಿಲ್ಲ. 1:75 ಎಂದು ಹೆಸರಿಟ್ಟು 1 ಮತ್ತು 57 ಎಂದು ತುಂಬಿದರೂ ಅದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ‘ಓಕೆ’ ಒತ್ತುವ ಮೊದಲು ಮೂರನ್ನೂ ಒಮ್ಮೆ ಓದಿ ನೋಡಬೇಕು.

ಒಂದೇ ಕಚೇರಿಯಲ್ಲಿ ಮಿಲಿಮೀಟರ್, ಮೀಟರ್, ಇಂಚು ಮೂರೂ ಬಗೆಯ ಫೈಲುಗಳು ಓಡಾಡುತ್ತಿದ್ದರೆ ಹೆಸರಿನಲ್ಲೇ ಯೂನಿಟ್ಟನ್ನು ಸೇರಿಸುವುದು ಒಳ್ಳೆಯ ರೂಢಿ. 1:75 ಎಂಬ ಹೆಸರಿನ ಮುಂದೆ ಮೀಟರ್ ಅಥವಾ ಇಂಚು ಎಂಬ ಗುರುತಿದ್ದರೆ ಬೇರೆಯವರು ಆ ಫೈಲನ್ನು ತೆರೆದಾಗ ಗೊಂದಲವಾಗುವುದಿಲ್ಲ. ಬಹಳ ಬಳಸುವ ಸ್ಕೇಲನ್ನು ಪಟ್ಟಿಯ ಮೇಲಕ್ಕೆ ಸರಿಸಿಟ್ಟರೆ ಪ್ರತಿ ಸಲ ಹುಡುಕುವುದು ತಪ್ಪುತ್ತದೆ.

ವ್ಯೂಪೋರ್ಟಿಗೆ ಕೊಡುವುದು

ಲೇಔಟ್ ಟ್ಯಾಬಿಗೆ ಹೋಗಿ ‘ಎಂವ್ಯೂ’ ಕಮಾಂಡಿನಿಂದ ಪ್ಲಾನಿಗೆ ಬೇಕಾದಷ್ಟು ದೊಡ್ಡ ವ್ಯೂಪೋರ್ಟ್ ಹಾಕಬೇಕು. ಅದರ ಅಂಚನ್ನು ಒತ್ತಿ ಆರಿಸಿದಾಗ ಸ್ಟೇಟಸ್ ಬಾರಿನಲ್ಲಿ ವ್ಯೂಪೋರ್ಟ್ ಸ್ಕೇಲಿನ ಪಟ್ಟಿ ಕಾಣುತ್ತದೆ. ಈಗ ತಾನೇ ಸೇರಿಸಿದ 1:75 ಅಲ್ಲಿ ಇರುತ್ತದೆ. ಅದನ್ನು ಆರಿಸಿದೊಡನೆ ಪ್ಲಾನು ಆ ಪ್ರಮಾಣಕ್ಕೆ ಬರುತ್ತದೆ. ಅದು ಮಧ್ಯದಲ್ಲಿ ಕೂರದಿದ್ದರೆ ವ್ಯೂಪೋರ್ಟಿನೊಳಗೆ ಎರಡು ಸಲ ಒತ್ತಿ ‘ಪ್ಯಾನ್’ನಿಂದ ಸರಿಸಬೇಕು. ಈ ಹಂತದಲ್ಲಿ ಮೌಸಿನ ಚಕ್ರ ತಿರುಗಿಸಿದರೆ ಸ್ಕೇಲು ಕೆಡುತ್ತದೆ. ಕೆಟ್ಟಿರುವುದಕ್ಕೆ ಗುರುತೂ ಇದೆ: ಪಟ್ಟಿಯಲ್ಲಿ 1:75ರ ಬದಲು 0.0142ರಂಥ ದಶಮಾಂಶ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಮತ್ತೆ 1:75 ಆರಿಸಿದರೆ ಸರಿಹೋಗುತ್ತದೆ.

ಪ್ಲಾನು ಜಾಗಕ್ಕೆ ಬಂದ ಕೂಡಲೇ ವ್ಯೂಪೋರ್ಟಿಗೆ ಬೀಗ ಹಾಕಬೇಕು. ಸ್ಟೇಟಸ್ ಬಾರಿನ ಬೀಗದ ಚಿಹ್ನೆ ಒತ್ತಿದರೂ ಆಯಿತು, ‘ಪ್ರಾಪರ್ಟೀಸ್’ನಲ್ಲಿ ‘ಡಿಸ್ಪ್ಲೇ ಲಾಕ್ಡ್’ ಎದುರು ‘ಯೆಸ್’ ಎಂದು ಇಟ್ಟರೂ ಆಯಿತು. ಬೀಗ ಹಾಕಿದ ಮೇಲೆ ಒಳಗೆ ಹೋಗಿ ಗೆರೆ ತಿದ್ದಿದರೂ ಝೂಮ್ ಮಾಡಿದರೂ ಸ್ಕೇಲು ಅಲುಗುವುದಿಲ್ಲ. ಇಡೀ ಹಾಳೆ ಒಟ್ಟಿಗೆ ಹಿಗ್ಗಿ ಕುಗ್ಗುತ್ತದೆ ಅಷ್ಟೆ.

ಒಂದೇ ಸಲ ಬೇಕಾಗುವ ಸ್ಕೇಲಾದರೆ ಪಟ್ಟಿಗೆ ಸೇರಿಸದೆಯೂ ಕೆಲಸ ಮುಗಿಸಬಹುದು. ವ್ಯೂಪೋರ್ಟಿನೊಳಗೆ ಎರಡು ಸಲ ಒತ್ತಿ ‘ಝೂಮ್’ ಕಮಾಂಡು ಕೊಟ್ಟು 1/75 ಎಂದು ಬರೆದು ಅದಕ್ಕೆ ಅಂಟಿಸಿ ‘ಎಕ್ಸ್‌ಪಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಿದರೆ ಮಿಲಿಮೀಟರ್ ಡ್ರಾಯಿಂಗು 1:75ಕ್ಕೆ ಬರುತ್ತದೆ. ಮೀಟರ್ ಡ್ರಾಯಿಂಗಿಗೆ 1000/75 ಎಂದು ಬರೆಯಬೇಕು. ಇದು ಹಳೆಯ ಕೈಚಳಕ, ಈಗಲೂ ನಡೆಯುತ್ತದೆ. ಆದರೆ ಅಕ್ಷರ ಮತ್ತು ಅಳತೆಗಳು ಸ್ಕೇಲಿಗೆ ತಕ್ಕಂತೆ ತಾವೇ ಹೊಂದಿಕೊಳ್ಳಬೇಕಾದರೆ ಪಟ್ಟಿಯಲ್ಲಿ ಹೆಸರಿರುವ ಸ್ಕೇಲೇ ಬೇಕು.

ಅಕ್ಷರ, ಅಳತೆ, ಗೆರೆ

ಹಾಳೆಯ ಮೇಲೆ ಅಕ್ಷರ 2.5 ಮಿ.ಮೀ. ಎತ್ತರ ಇದ್ದರೆ ಓದಲು ಹಿತ. 1:75ರ ಹಾಳೆಯಲ್ಲಿ ಅದು ಅಷ್ಟು ಕಾಣಬೇಕಾದರೆ ಮಿಲಿಮೀಟರ್ ಡ್ರಾಯಿಂಗಿನ ಮಾಡೆಲ್‌ನಲ್ಲಿ 2.5ನ್ನು 75ರಿಂದ ಗುಣಿಸಿದಷ್ಟು, ಅಂದರೆ 187.5 ಮಿ.ಮೀ. ಎತ್ತರಕ್ಕೆ ಬರೆಯಬೇಕು. ಅದೇ ಬರಹ 1:50ರ ಇನ್ನೊಂದು ಹಾಳೆಯಲ್ಲಿ 3.75 ಮಿ.ಮೀ. ಆಗಿ ದಪ್ಪಗೆ ಕಾಣುತ್ತದೆ. ಈ ತೊಡಕಿಗೆ ಪರಿಹಾರವಾಗಿ ಆಟೋಕ್ಯಾಡ್ 2008ರ ಆವೃತ್ತಿಯಲ್ಲಿ ‘ಅನೊಟೇಟಿವ್’ ಎಂಬ ಗುಣ ಸೇರಿತು. ಟೆಕ್ಸ್ಟ್ ಸ್ಟೈಲ್, ಡೈಮೆನ್ಷನ್ ಸ್ಟೈಲ್, ಹ್ಯಾಚ್, ಬ್ಲಾಕ್ ಇವುಗಳಿಗೆ ಆ ಗುಣ ಕೊಟ್ಟು, ಎತ್ತರವನ್ನು ಹಾಳೆಯ ಲೆಕ್ಕದಲ್ಲೇ 2.5 ಎಂದು ಬರೆದರೆ ಸಾಕು. ಗುಣಿಸುವ ಕೆಲಸ ತಂತ್ರಾಂಶದ್ದು.

ಹೊಸ ಸ್ಕೇಲು ಬಂದಾಗ ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ವ್ಯೂಪೋರ್ಟನ್ನು 1:75ಕ್ಕೆ ತಂದೊಡನೆ ಮೊದಲು ಬರೆದಿದ್ದ ಅಕ್ಷರ, ಅಳತೆಗಳೆಲ್ಲ ಮಾಯವಾಗುತ್ತವೆ. ಅವು ಅಳಿಸಿಹೋಗಿರುವುದಿಲ್ಲ. ಅನೊಟೇಟಿವ್ ವಸ್ತು ತನಗೆ ಜೋಡಿಸಿದ ಸ್ಕೇಲುಗಳಲ್ಲಿ ಮಾತ್ರ ಕಾಣುತ್ತದೆ. ಹೊಸ ಸ್ಕೇಲು ಆ ಪಟ್ಟಿಗೆ ಇನ್ನೂ ಸೇರಿಲ್ಲ ಅಷ್ಟೆ. ಬೇಕಾದ ಅಕ್ಷರ, ಅಳತೆಗಳನ್ನು ಆರಿಸಿ ‘ಆಬ್ಜೆಕ್ಟ್‌ಸ್ಕೇಲ್’ ಕಮಾಂಡಿನಿಂದ 1:75ನ್ನು ಸೇರಿಸಿದರೆ ಎಲ್ಲವೂ ಮರಳುತ್ತವೆ. ಸ್ಕೇಲು ಬದಲಾದಾಗ ಇದು ತಾನಾಗಿಯೇ ಆಗುವಂತೆ ಮಾಡುವ ಗುಂಡಿಯೂ ಸ್ಟೇಟಸ್ ಬಾರಿನಲ್ಲಿದೆ. ಆದರೆ ಅದನ್ನು ಸದಾ ಆನ್ ಇಟ್ಟರೆ ಪ್ರತಿ ಅಕ್ಷರಕ್ಕೂ ಬೇಡದ ಸ್ಕೇಲುಗಳು ಅಂಟಿಕೊಂಡು ಫೈಲು ಭಾರವಾಗುತ್ತದೆ. ಬೇಕಾದಾಗ ಮಾತ್ರ ಆನ್ ಮಾಡುವುದು ಮೇಲು.

ವ್ಯೂಪೋರ್ಟಿನ ಸ್ಕೇಲು ಬೇರೆ, ಅದರೊಳಗಿನ ಅನೊಟೇಷನ್ ಸ್ಕೇಲು ಬೇರೆ. ಪಟ್ಟಿಯಿಂದ ಆರಿಸಿದಾಗ ಎರಡೂ ಜೊತೆಗೇ ಬದಲಾಗುತ್ತವೆ. ಝೂಮ್ ಮಾಡಿದಾಗ ಮೊದಲನೆಯದು ಮಾತ್ರ ಬದಲಾಗಿ ಎರಡರ ನಡುವೆ ತಾಳ ತಪ್ಪುತ್ತದೆ. ಆಗ ಸ್ಟೇಟಸ್ ಬಾರಿನಲ್ಲಿ ಎಚ್ಚರಿಕೆಯ ಚಿಹ್ನೆ ಬರುತ್ತದೆ. ಅದನ್ನು ಒತ್ತಿದರೆ ಎರಡೂ ಮತ್ತೆ ಒಂದಾಗುತ್ತವೆ.

ತುಂಡು ಗೆರೆಗಳದು ಇನ್ನೊಂದು ಕತೆ. ಮೇಲಿನ ತೊಲೆಯನ್ನು ತೋರಿಸುವ ತುಂಡು ಗೆರೆ ಹಾಳೆಯಲ್ಲಿ ಅಖಂಡ ಗೆರೆಯಾಗಿ ಕಂಡರೆ ‘ಎಲ್‌ಟಿಸ್ಕೇಲ್’, ‘ಪಿಎಸ್ಎಲ್‌ಟಿಸ್ಕೇಲ್’, ‘ಎಂಎಸ್ಎಲ್‌ಟಿಸ್ಕೇಲ್’ ಈ ಮೂರರ ಬೆಲೆಯನ್ನೂ 1ಕ್ಕೆ ಇಟ್ಟು ‘ರೀಜೆನ್‌ಆಲ್’ ಕೊಡಬೇಕು. ಆಗ ಯಾವ ಸ್ಕೇಲಿನ ವ್ಯೂಪೋರ್ಟಿನಲ್ಲೂ ತುಂಡುಗಳ ಉದ್ದ ಹಾಳೆಯ ಮೇಲೆ ಒಂದೇ ಸಮ ಇರುತ್ತದೆ.

ಅಡಿ-ಇಂಚಿನ ಹಳೆಯ ಸ್ಕೇಲುಗಳು

ಹಳೆಯ ಮನೆಗಳ ಬ್ಲೂಪ್ರಿಂಟುಗಳಲ್ಲಿ ಒಂದು ಇಂಚಿಗೆ ಎಂಟು ಅಡಿ ಎಂಬ ಸ್ಕೇಲು ಸಿಗುತ್ತದೆ. ಎಂಟು ಅಡಿಗೆ 96 ಇಂಚು, ಆದ್ದರಿಂದ ಅದು 1:96. ಇದನ್ನು 1:100ಕ್ಕೆ ಹತ್ತಿರವೆಂದು ಅದರ ಬದಲಿಗೆ ಬಳಸಿದರೆ ತಪ್ಪಾಗುತ್ತದೆ. 30 ಅಡಿಯ ಗೋಡೆ 1:96ರಲ್ಲಿ 95.25 ಮಿ.ಮೀ., 1:100ರಲ್ಲಿ 91.44 ಮಿ.ಮೀ. ಹಳೆಯ ಬ್ಲೂಪ್ರಿಂಟಿನ ಮೇಲೆ ಹೊಸ ಪ್ರಿಂಟನ್ನು ಇಟ್ಟು ಹೋಲಿಸುವವರಿಗೆ ಸುಮಾರು ನಾಲ್ಕು ಮಿಲಿಮೀಟರಿನ ಈ ವ್ಯತ್ಯಾಸ ಒಂದು ಅಡಿಗೂ ಮಿಕ್ಕ ಗೋಡೆಯಾಗಿ ಕಾಣುತ್ತದೆ. ಅಂಥ ಕೆಲಸಕ್ಕೆ ಇಂಚಿನ ಡ್ರಾಯಿಂಗಾದರೆ 25.4 ಮತ್ತು 96, ಮಿಲಿಮೀಟರ್ ಡ್ರಾಯಿಂಗಾದರೆ 1 ಮತ್ತು 96 ಎಂದು ಹೊಸ ಸ್ಕೇಲು ಮಾಡಿಕೊಳ್ಳಬೇಕು.

ಜಮೀನಿನ ನಕ್ಷೆಯಲ್ಲಿ ಸಂಖ್ಯೆಗಳು ಇನ್ನಷ್ಟು ವಿಚಿತ್ರವಾಗಿ ಕಾಣುತ್ತವೆ. ಕರ್ನಾಟಕದ ಹಲವು ಗ್ರಾಮ ನಕ್ಷೆಗಳ ಸ್ಕೇಲು 1:7920. ಎಂಟು ಇಂಚಿಗೆ ಒಂದು ಮೈಲಿ, ಅಂದರೆ ಒಂದು ಇಂಚಿಗೆ 660 ಅಡಿ ಎಂಬ ಹಳೆಯ ಲೆಕ್ಕದಿಂದ ಬಂದ ಸಂಖ್ಯೆ ಇದು. 660 ಅಡಿಯಲ್ಲಿ 7920 ಇಂಚುಗಳಿವೆ. ಸರ್ವೆಯಿಂದ ಬಂದ ಡ್ರಾಯಿಂಗು ಮೀಟರಿನಲ್ಲಿದ್ದರೆ ಜೋಡಿ 1000 ಮತ್ತು 7920. ಅಡಿಯಲ್ಲಿದ್ದರೆ 304.8 ಮತ್ತು 7920.

ಇದು ಸರಿಯಾಗಿ ಬಂತೇ ಎಂದು ನೋಡಲು ಗುಂಟೆಯ ಲೆಕ್ಕವೇ ಸಾಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅಂಥ ನಲವತ್ತಕ್ಕೆ ಒಂದು ಎಕರೆ. 33 ಅಡಿ 660 ಅಡಿಯ ಇಪ್ಪತ್ತನೇ ಒಂದು ಭಾಗವಾದ್ದರಿಂದ 1:7920ರ ಹಾಳೆಯಲ್ಲಿ ಅದು ಇಂಚಿನ ಇಪ್ಪತ್ತನೇ ಒಂದು ಭಾಗ, ಅಂದರೆ 1.27 ಮಿ.ಮೀ. ಬರಬೇಕು. 660 ಅಡಿಯ ಗೆರೆ ಸರಿಯಾಗಿ 25.4 ಮಿ.ಮೀ. ಬರಬೇಕು. ಇಷ್ಟು ಸಣ್ಣ ಸ್ಕೇಲಿನಲ್ಲಿ ಪೆನ್ನಿನ ಗೆರೆಯ ದಪ್ಪವೇ 0.25 ಮಿ.ಮೀ. ಇದ್ದರೆ ಅದು ನೆಲದ ಮೇಲಿನ ಸುಮಾರು ಎರಡು ಮೀಟರನ್ನು ಮುಚ್ಚುತ್ತದೆ. ಬದುವಿನ ತಕರಾರನ್ನು ಇಂಥ ಪ್ರಿಂಟನ್ನು ಅಳೆದು ತೀರ್ಮಾನಿಸಲು ಆಗುವುದಿಲ್ಲ. ಅದೇ ರೀತಿ ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಭೂಪಟಗಳಿಗೆ ಹೊಂದಿಸಬೇಕಾದರೆ 1:63360 ಬೇಕು. ಸರ್ವೆ ಆಫ್ ಇಂಡಿಯಾದ ಮೆಟ್ರಿಕ್ ಟೋಪೋಶೀಟಿಗೆ 1:50000.

ಪ್ರಿಂಟಿಗೆ ಮೊದಲು ಮತ್ತು ಆಮೇಲೆ

ಸ್ಕೇಲಿನ ಕೆಲಸವೆಲ್ಲ ವ್ಯೂಪೋರ್ಟಿನಲ್ಲೇ ಮುಗಿದಿರುವುದರಿಂದ ಲೇಔಟಿನಿಂದ ಪ್ಲಾಟ್ ಮಾಡುವಾಗ ಅಲ್ಲಿನ ಸ್ಕೇಲು ಸದಾ 1:1, ಒಂದು ಮಿಲಿಮೀಟರಿಗೆ ಒಂದು ಯೂನಿಟ್ಟು. ‘ಫಿಟ್ ಟು ಪೇಪರ್’ ಗುರುತು ತೆಗೆದಿರಬೇಕು. ಪ್ಲಾಟ್ ಪೆಟ್ಟಿಗೆಯಲ್ಲಿ ಮತ್ತೆ 1:75 ಕೊಟ್ಟರೆ ಹಾಳೆಯೇ ಎಪ್ಪತ್ತೈದು ಪಟ್ಟು ಕುಗ್ಗಿ ಮೂಲೆಯಲ್ಲೊಂದು ಕಲೆಯಾಗಿ ಬೀಳುತ್ತದೆ. ಲೇಔಟ್ ಬಳಸದೆ ನೇರ ಮಾಡೆಲ್‌ನಿಂದ ಪ್ರಿಂಟ್ ತೆಗೆಯುವವರು ಮಾತ್ರ ಆ ಪೆಟ್ಟಿಗೆಯಲ್ಲಿ ಮಿಲಿಮೀಟರ್ ಡ್ರಾಯಿಂಗಾದರೆ 1 ಮಿಲಿಮೀಟರಿಗೆ 75 ಯೂನಿಟ್ಟು ಎಂದು ತುಂಬಬೇಕು.

ಪ್ರಿಂಟ್ ತೆಗೆಯುವ ಮೊದಲೇ ಸ್ಕೇಲನ್ನು ಪರೀಕ್ಷಿಸಬಹುದು. ಲೇಔಟಿನಲ್ಲಿ, ವ್ಯೂಪೋರ್ಟಿನ ಹೊರಗಿದ್ದುಕೊಂಡೇ, ಸೈಟಿನ 30 ಅಡಿಯ ಬದಿಯ ಎರಡು ತುದಿಗಳನ್ನು ಹಿಡಿದು ಒಂದು ಗೆರೆ ಎಳೆಯಬೇಕು. ಆ ಗೆರೆಯನ್ನು ಆರಿಸಿ ‘ಪ್ರಾಪರ್ಟೀಸ್’ ನೋಡಿದರೆ ಉದ್ದ 121.92 ಇರಬೇಕು. ನೋಡಿದ ಮೇಲೆ ಗೆರೆಯನ್ನು ಅಳಿಸಬೇಕು. ಈ ಪರೀಕ್ಷೆಗೆ ‘ಡಿಸ್ಟ್’ ಕಮಾಂಡನ್ನು ನಂಬುವಂತಿಲ್ಲ. ವ್ಯೂಪೋರ್ಟಿನೊಳಗಿನ ತುದಿಗಳನ್ನು ಹಿಡಿದಾಗ ಅದು ಹಾಳೆಯ ಅಳತೆಯ ಬದಲು ಮಾಡೆಲ್‌ನ ನಿಜವಾದ ಅಳತೆಯನ್ನೇ ಹೇಳಿಬಿಡಬಹುದು.

ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕೊಡುವಾಗ ಮತ್ತೊಂದು ಅಪಾಯ ಇದೆ. ಪಿಡಿಎಫ್ ತೆರೆಯುವ ತಂತ್ರಾಂಶಗಳಲ್ಲಿ ‘ಫಿಟ್’ ಆಯ್ಕೆ ಇದ್ದರೆ ಹಾಳೆ ತುಸು ಕುಗ್ಗುತ್ತದೆ. ‘ಆಕ್ಚುಅಲ್ ಸೈಜ್’ ಎಂದು ಹೇಳಿಯೇ ಪ್ರಿಂಟ್ ತೆಗೆಸಬೇಕು. ಶೇಕಡ 97ಕ್ಕೆ ಕುಗ್ಗಿದ ಹಾಳೆಯಲ್ಲಿ 121.92 ಮಿ.ಮೀ. ಬದಲು 118.3 ಬರುತ್ತದೆ, ಸ್ಕೇಲು 1:77ರ ಆಚೆಗೆ ಹೋಗುತ್ತದೆ. ಕೈಗೆ ಬಂದ ಪ್ರಿಂಟಿನ ಮೇಲೆ ಸಾಮಾನ್ಯ ಅಳತೆಪಟ್ಟಿ ಇಟ್ಟು ಸೈಟಿನ ಅಗಲ 122 ಮಿ.ಮೀ. ಇದೆಯೇ ಎಂದು ನೋಡಿದರೆ ಸಂಗತಿ ಬಯಲಾಗುತ್ತದೆ.

ಎ1 ಹಾಳೆಗೆಂದು ಮಾಡಿದ ಡ್ರಾಯಿಂಗನ್ನು ಎ3ರಲ್ಲಿ ತೆಗೆದರೆ ಎಲ್ಲವೂ ಸರಿಯಾಗಿ ಅರ್ಧವಾಗುತ್ತದೆ. 1:75 ಎಂದು ಬರೆದದ್ದು ಆಗ 1:150. ಇಂಥ ಪ್ರತಿಗಳು ಓಡಾಡುವುದು ತಪ್ಪದು. ಆದ್ದರಿಂದ ಸಂಖ್ಯೆಯ ಜೊತೆಗೆ ಸ್ಕೇಲ್ ಬಾರ್ ಒಂದನ್ನೂ ಹಾಕುವುದು ಕ್ಷೇಮ. 10 ಅಡಿಯ ಬಾರ್ 1:75ರಲ್ಲಿ 40.64 ಮಿ.ಮೀ. ಬರುತ್ತದೆ. ಹಾಳೆ ಹಿಗ್ಗಿದರೂ ಕುಗ್ಗಿದರೂ ಅದೂ ಜೊತೆಗೆ ಹಿಗ್ಗಿ ಕುಗ್ಗುವುದರಿಂದ ಅದು ಹೇಳುವ ಅಳತೆ ಕೆಡುವುದಿಲ್ಲ.

ಹಾಳೆಯಲ್ಲಿ ಸ್ಕೇಲಿನ ಸಂಖ್ಯೆಯನ್ನು ಕೈಯಿಂದ ಬರೆದರೆ ವ್ಯೂಪೋರ್ಟು ಬದಲಾದಾಗ ತಿದ್ದುವುದು ಮರೆತುಹೋಗುತ್ತದೆ. ‘ಫೀಲ್ಡ್’ ಕಮಾಂಡಿನಲ್ಲಿ ‘ಆಬ್ಜೆಕ್ಟ್’ ಆರಿಸಿ, ವ್ಯೂಪೋರ್ಟಿನ ಅಂಚನ್ನು ತೋರಿಸಿ, ‘ಕಸ್ಟಮ್ ಸ್ಕೇಲ್’ ಎಂಬ ಗುಣವನ್ನು ಹಿಡಿದರೆ ಸಂಖ್ಯೆ ವ್ಯೂಪೋರ್ಟಿಗೆ ಕಟ್ಟಿಕೊಂಡಿರುತ್ತದೆ. ಒಂದೇ ಹಾಳೆಯಲ್ಲಿ ಹಲವು ಸ್ಕೇಲುಗಳಿದ್ದರೆ ಪ್ರತಿ ಚಿತ್ರದ ಕೆಳಗೂ ಅದರದೇ ಸ್ಕೇಲನ್ನು ಬರೆದು, ಟೈಟಲ್ ಬ್ಲಾಕಿನಲ್ಲಿ ‘ಚಿತ್ರದ ಕೆಳಗೆ ತೋರಿಸಿದಂತೆ’ ಎಂದು ಹಾಕುವುದು ವಾಡಿಕೆ.

ಮತ್ತೆ ಮತ್ತೆ ಸೇರಿಸದಿರಲು

ಸೇರಿಸಿದ ಸ್ಕೇಲು ಆ ಫೈಲಿನೊಳಗೆ ಮಾತ್ರ ಉಳಿಯುತ್ತದೆ. ಹೊಸ ಫೈಲುಗಳಲ್ಲೂ ಬೇಕಾದರೆ ಎರಡು ದಾರಿಗಳಿವೆ. ಒಂದು, ಬೇಕಾದ ಸ್ಕೇಲುಗಳನ್ನೆಲ್ಲ ಸೇರಿಸಿ, ಬೇಡದವನ್ನು ಅಳಿಸಿ, ಟೈಟಲ್ ಬ್ಲಾಕಿನ ಸಮೇತ ಫೈಲನ್ನು ಟೆಂಪ್ಲೇಟಾಗಿ ಉಳಿಸುವುದು. ಹೊಸ ಕೆಲಸವನ್ನು ಆ ಟೆಂಪ್ಲೇಟಿನಿಂದಲೇ ಶುರುಮಾಡಿದರೆ ಪಟ್ಟಿ ತಯಾರಿರುತ್ತದೆ. ಕಚೇರಿಯಲ್ಲಿ ಎಲ್ಲರೂ ಒಂದೇ ಟೆಂಪ್ಲೇಟು ಬಳಸಿದರೆ ಹೆಸರುಗಳೂ ಒಂದೇ ಬಗೆಯಲ್ಲಿರುತ್ತವೆ. ಎರಡು, ‘ಆಪ್ಷನ್ಸ್’ ಪೆಟ್ಟಿಗೆಯ ‘ಯೂಸರ್ ಪ್ರಿಫರೆನ್ಸಸ್’ ಪುಟದಲ್ಲಿರುವ ‘ಡಿಫಾಲ್ಟ್ ಸ್ಕೇಲ್ ಲಿಸ್ಟ್’ ಗುಂಡಿ ಒತ್ತಿ ಮೂಲ ಪಟ್ಟಿಯನ್ನೇ ತಿದ್ದುವುದು. ಇದು ಆ ಕಂಪ್ಯೂಟರಿಗೆ ಸಂಬಂಧಿಸಿದ್ದು. ಯಾವುದೇ ಫೈಲಿನಲ್ಲಿ ‘ರಿಸೆಟ್’ ಒತ್ತಿದಾಗ ಮರಳುವುದು ಈ ಪಟ್ಟಿಯೇ.

ಬೇರೆಯವರ ಡ್ರಾಯಿಂಗುಗಳನ್ನು ಹೊರಗಿನ ಕೊಂಡಿಯಾಗಿ, ಅಂದರೆ ಎಕ್ಸ್‌ರೆಫ್ ಆಗಿ ಜೋಡಿಸಿದ ಹಳೆಯ ಫೈಲುಗಳಲ್ಲಿ ಪಟ್ಟಿ ಮಾರುದ್ದ ಬೆಳೆದು, ಸ್ಕೇಲಿನ ಹೆಸರುಗಳ ಕೊನೆಗೆ ‘ಎಕ್ಸ್‌ರೆಫ್’ ಎಂಬ ಬಾಲ ಅಂಟಿಕೊಂಡಿರುವುದುಂಟು. ಪಟ್ಟಿ ತೆರೆಯಲು ತಡವಾಗುವುದೂ ಫೈಲು ನಿಧಾನವಾಗುವುದೂ ಇದರ ಫಲ. ‘ಸ್ಕೇಲ್‌ಲಿಸ್ಟ್‌ಎಡಿಟ್’ ಪದದ ಮುಂಚೆ ಒಂದು ಅಡ್ಡಗೆರೆ ಹಾಕಿ ಕಮಾಂಡು ಕೊಟ್ಟು, ‘ರಿಸೆಟ್’ ಆರಿಸಿ, ‘ಯೆಸ್’ ಎಂದರೆ ಬಳಕೆಯಲ್ಲಿಲ್ಲದ ಕಸವೆಲ್ಲ ಹೋಗುತ್ತದೆ. ಬಳಕೆಯಲ್ಲಿರುವ ಸ್ಕೇಲನ್ನು ಅಳಿಸಲು ತಂತ್ರಾಂಶ ಬಿಡುವುದಿಲ್ಲ. ಆದರೂ ಮುಂದೆ ಬೇಕಾಗಬಹುದೆಂದು ಸೇರಿಸಿಟ್ಟ ಸ್ಕೇಲುಗಳು ಈ ಗುಡಿಸುವಿಕೆಯಲ್ಲಿ ಹೋಗಿಬಿಡುತ್ತವೆ. ಅವು ಮೂಲ ಪಟ್ಟಿಯಲ್ಲೂ ಇದ್ದರೆ ಮಾತ್ರ ಉಳಿಯುತ್ತವೆ.

ಬೇರೆ ತಂತ್ರಾಂಶಗಳಲ್ಲಿ

ಬ್ರಿಕ್ಸ್‌ಕ್ಯಾಡ್‌ನಲ್ಲಿ ಕಮಾಂಡಿನ ಹೆಸರೂ ಕ್ರಮವೂ ಹೆಚ್ಚು ಕಡಿಮೆ ಇದೇ. ರೆವಿಟ್‌ನಲ್ಲಿ ಸ್ಕೇಲು ಪ್ರತಿ ವ್ಯೂಗೆ ಸೇರಿದ್ದು. ವ್ಯೂನ ಸ್ಕೇಲು ಪಟ್ಟಿಯಲ್ಲಿ ‘ಕಸ್ಟಮ್’ ಆರಿಸಿ 75 ಎಂಬ ಒಂದೇ ಸಂಖ್ಯೆ ಕೊಟ್ಟರೆ ಸಾಕು, ಯೂನಿಟ್ಟಿನ ಲೆಕ್ಕವನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನ ಟೆಕ್‌ಡ್ರಾ ವಿಭಾಗದಲ್ಲಿ ಹಾಳೆಗೊಂದು ಸ್ಕೇಲು, ಬೇಕಿದ್ದರೆ ಪ್ರತಿ ಚಿತ್ರಕ್ಕೂ ಬೇರೆ ಸ್ಕೇಲು ಇಡಬಹುದು. ಚಿತ್ರದ ‘ಸ್ಕೇಲ್ ಟೈಪ್’ ಎಂಬುದನ್ನು ‘ಕಸ್ಟಮ್’ ಮಾಡಿ ಕೆಳಗೆ ಬೆಲೆ ತುಂಬಬೇಕು. ಅಲ್ಲಿ ಕೇಳುವುದು ಭಾಗಿಸಿದ ಬೆಲೆಯನ್ನು. 1:75ಕ್ಕೆ 0.0133 ಎಂದು ಮೊಟಕಾಗಿ ಬರೆದರೆ ಸ್ಕೇಲು 1:75.19 ಆಗುತ್ತದೆ. 30 ಅಡಿಯ ಸೈಟಿನಲ್ಲಿ ಅದು ಹಾಳೆಯ ಮೇಲೆ 0.3 ಮಿ.ಮೀ. ಕಡಿಮೆ ಬರುತ್ತದೆ, ದೊಡ್ಡ ಹಾಳೆಯಲ್ಲಿ ಇನ್ನೂ ಹೆಚ್ಚು. 0.0133333 ಎಂದು ಸಾಕಷ್ಟು ಅಂಕಿಗಳನ್ನು ಬರೆದರೆ ಈ ಕೊರತೆ ಅಳತೆಪಟ್ಟಿಗೆ ಸಿಗದಷ್ಟು ಸಣ್ಣದಾಗುತ್ತದೆ.